ಗೋಡೆಯಲ್ಲಾದ ಗಾಯ

ಮೆಹುವಿಗೆ ಬಿಡಿಸಲು ಬಾರದ ಚಿತ್ರವೇ ಇಲ್ಲ ಎಂದು ಬಿಳಿಗೋಡೆ ಪಟ್ಟಣದ ಉಳಿಗೆಲಸದವರಲ್ಲಿ ಮಾತಿತ್ತು. ಹೋರಿ ಕೆಡವಿ ಕಾಲು ಕಟ್ಟುವುದು, ಬಾತಿನ ಬಾಯಿಗೆ ಹಿಟ್ಟಿನ ಉಂಡೆ ತುರುಕುವುದು, ಜೊಂಡಿನ ದೋಣಿಯವರು ಒಬ್ಬರನ್ನೊಬ್ಬರು ಕೋಲಿನಿಂದ ತಿವಿದು ನೀರಿಗೆ ಬೀಳಿಸುವುದು, ಎಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಅಂಥವನು ಆ ದಿನ ಬೆಳಗಿನಿಂದ ಕೆಮ್ಮಣ್ಣಿನಲ್ಲಿ ಅದ್ದಿದ ಕುಂಚ ಹಿಡಿದು ಎರಡು ಮೊಳ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಒಂದು ಗೆರೆಯೂ ಬಿದ್ದಿರಲಿಲ್ಲ.

ಅದು ಅರಮನೆಯ ವೈದ್ಯರ ನಿತ್ಯದ ಮನೆ. ಸತ್ತ ಮೇಲೆ ಇರುವುದಕ್ಕೆಂದು ದೊಡ್ಡವರು ಬದುಕಿದ್ದಾಗಲೇ ಕಟ್ಟಿಸಿಕೊಳ್ಳುವ ಕಲ್ಲಿನ ಮನೆ. ಸಂಜೆಯಾದರೆ ದೊರೆಯ ಪಿರಮಿಡ್ಡಿನ ನೆರಳು ಅದರ ಬಾಗಿಲಿಗೇ ಬಂದು ಬೀಳುತ್ತಿತ್ತು. ಅಂಥ ಜಾಗ ಸಿಕ್ಕುವುದು ಸಾಮಾನ್ಯರಿಗಲ್ಲ. ವೈದ್ಯರು ಸಾಮಾನ್ಯರಲ್ಲವಾದ್ದರಿಂದ ಅವರ ಆಸೆಯೂ ಸಾಮಾನ್ಯವಾಗಿರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಹುಡುಗರ ಮುಂದೊಗಲು ಕೊಯ್ಯುವ ಚಿತ್ರ ಇರಲಿ, ಅದನ್ನು ಮೆಹುವೇ ಕೊರೆಯಲಿ ಎಂದು ಹೇಳಿಕಳಿಸಿದ್ದರು. ಅಂಥ ಚಿತ್ರ ಅದುವರೆಗೆ ಯಾರ ಮನೆಯಲ್ಲೂ ಯಾರೂ ನೋಡಿರಲಿಲ್ಲ. ಹಿಂದಿನವರು ಬಿಡಿಸಿದ್ದನ್ನು ನೋಡಿ ಬಿಡಿಸುವುದೇ ಆ ಕಸುಬಿನ ಮರ್ಯಾದೆ. ಇದಕ್ಕೆ ನೋಡಲು ಹಿಂದಿನದೇ ಇಲ್ಲ.

"ನೋಡೋದೇನಿದೆ ಅದ್ರಲ್ಲಿ? ಎಲ್ಲಾ ಗಂಡಸ್ರಿಗೂ ಆಗಿರೋದೇ ಅಲ್ವಾ! ನೆನಪಿಂದ ಬಿಡಿಸ್ಲಾ," ಎಂದಿದ್ದ ಮೇಸ್ತ್ರಿ ಅಂಖು.

ಕಷ್ಟ ಇದ್ದದ್ದು ಅಲ್ಲೇ. ಮೆಹುವಿಗೆ ಆ ನೆನಪಿರಲಿಲ್ಲ. ಮೂವತ್ತನಾಲ್ಕು ವರ್ಷದ, ಎರಡು ಹೆಣ್ಣುಮಕ್ಕಳ ತಂದೆಯಾದ ಮೆಹುವಿಗೆ ಯಾರೂ ಕೊಯ್ದೇ ಇರಲಿಲ್ಲ.

ಅವನು ಹುಟ್ಟಿದ್ದು ನದಿ ಕವಲೊಡೆದು ಕಡಲು ಸೇರುವ ಜೌಗಿನ ನಾಡಿನಲ್ಲಿ. ಅಲ್ಲಿ ಕೆಲವು ವರ್ಷಕ್ಕೊಮ್ಮೆ ಊರಿನ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೊಯ್ಯುತ್ತಿದ್ದರು. ಅವನ ಸರದಿ ಬರಬೇಕಾಗಿದ್ದ ವರ್ಷವೇ ಅಪ್ಪ ತೀರಿಕೊಂಡ. ಸೋದರಮಾವ ಬಂದು ಹುಡುಗನನ್ನು ದೋಣಿ ಹತ್ತಿಸಿ ಪಟ್ಟಣಕ್ಕೆ ತಂದು ಉಳಿಗೆಲಸಕ್ಕೆ ಹಾಕಿದ. ಪಟ್ಟಣದಲ್ಲಿ ಮಾಡಿಸುತ್ತಾರೆ ಬಿಡು ಎಂದು ಊರಿನವರು ಅಂದುಕೊಂಡರು, ಊರಿನಲ್ಲಿ ಆಗಿರುತ್ತದೆ ಬಿಡು ಎಂದು ಪಟ್ಟಣದವರು ಅಂದುಕೊಂಡರು. ಕೇಳಬೇಕಾದವರು ಕೇಳಲಿಲ್ಲ, ಹೇಳಬೇಕಾದವನು ಹೇಳಲಿಲ್ಲ. ಮೊದಮೊದಲು ಹೆದರಿ ಸುಮ್ಮನಿದ್ದ, ಆಮೇಲೆ ನಾಚಿ ಸುಮ್ಮನಾದ. ನಾಚಿಕೆ ಒಂದು ವಯಸ್ಸು ದಾಟಿತೋ ಬೇರು ಬಿಡುತ್ತದೆ, ಕೀಳಲು ಬರುವುದಿಲ್ಲ. ಕಾಲುವೆಯಲ್ಲಿ ಎಲ್ಲರೂ ಬಟ್ಟೆ ಬಿಚ್ಚಿ ಧುಮುಕಿದರೆ ಇವನು ಸೊಂಟದ ಬಟ್ಟೆ ಸಮೇತ ಇಳಿಯುತ್ತಿದ್ದ. "ಬಂದ್ಲಪ್ಪಾ ಮದುವಣಗಿತ್ತಿ!" ಎಂದು ಜೊತೆಯವರು ಕೂಗಿದರೆ ಅವನೂ ನಗುತ್ತಿದ್ದ.

ಆದರೆ ನಗುವ ವಿಷಯವಲ್ಲ ಅದು. ಮುಂದೊಗಲು ಇದ್ದವನದು ಮೈಲಿಗೆಯ ಮೈ. ಅವನು ನಿತ್ಯದ ಮನೆಯ ಹೊಸ್ತಿಲು ದಾಟುವಂತಿಲ್ಲ. ಮೈಲಿಗೆಯಲ್ಲಿ ಒಳಗೆ ಬಂದವನನ್ನು ಬಾತಿನ ಕತ್ತು ಹಿಡಿದಂತೆ ಹಿಡಿಯುತ್ತೇನೆ ಎಂದು ಬಾಗಿಲ ಮೇಲೆ ಸತ್ತವರ ಮಾತಾಗಿ ಕೊರೆದಿರುತ್ತಾರೆ. ಹನ್ನೆರಡು ವರ್ಷದಲ್ಲಿ ಏಳು ಮನೆಗಳ ಬಾಗಿಲಲ್ಲಿ ಆ ಸಾಲನ್ನು ಕೊರೆದವನು ಮೆಹುವೇ. ಕೊರೆದು, ಅದರ ಕೆಳಗೇ ನುಸುಳಿ ಒಳಗೆ ಹೋಗಿ, ಕೆಲಸ ಮಾಡಿದ್ದ. ಗೊತ್ತಾದರೆ ಅನ್ನ ಹೋಗುವುದು ಒಂದು ಕಡೆಗಿರಲಿ, ಅವನು ಮುಟ್ಟಿದ ಗೋಡೆಗಳನ್ನೆಲ್ಲ ಕೆತ್ತಿ ಎಸೆಯುತ್ತಿದ್ದರು.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಗೋಡೆಯ ಮೇಲಿನದು ಬರಿಯ ಚಿತ್ರವೆಂದು ಅವನು ಎಂದೂ ಎಣಿಸಿದವನಲ್ಲ. ಗೋಡೆಯಲ್ಲಿ ಕೊರೆದ ರೊಟ್ಟಿ, ಪಕ್ಕದಲ್ಲಿ ಯಾರ ಹೆಸರಿದೆಯೋ ಅವರಿಗೆ ರೊಟ್ಟಿಯೇ. ಕೊರೆದ ಹೋರಿ ಅವರಿಗೆ ಮಾಂಸವೇ. ಗೋಡೆಯಲ್ಲಿ ಆದದ್ದು ಆದಂತೆಯೇ ಲೆಕ್ಕ. ಹಾಗಿದ್ದ ಮೇಲೆ, ಗೊತ್ತಿಲ್ಲದವನು ಗೊತ್ತಿದ್ದವನಂತೆ ಕೊರೆದರೆ ಆ ಗೋಡೆಯ ಹುಡುಗ ಎಂದೆಂದಿಗೂ ಅರೆಬರೆಯಾಗಿಯೇ ನಿಂತಿರಬೇಕಲ್ಲ. ಅರೆಬರೆಯಾಗಿ ನಿಲ್ಲುವುದು ಎಂಥದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಮಧ್ಯಾಹ್ನದ ಹೊತ್ತಿಗೆ ದೇವರ ಮೇಲೆ ಭಾರ ಹಾಕಿ ಬಿಡಿಸಿಯೇಬಿಟ್ಟ. ಹುಡುಗ ಎದೆ ಸೆಟೆಸಿ ನಿಂತಿದ್ದಾನೆ, ಕೈಗಳು ಎರಡು ಪಕ್ಕಕ್ಕೆ ನೆಟ್ಟಗೆ. ಮುಂದೆ ಕೂತವನ ಕೈಯಲ್ಲಿ ಒಳ್ಳೆಯ ತಾಮ್ರದ ಕತ್ತಿ, ಹಿಡಿಯ ಮೊಳೆಗಳ ಸಮೇತ.

ಕೆಳಗಿನವರು ಕೆಂಪಿನಲ್ಲಿ ಬಿಡಿಸುವುದು, ಮೇಸ್ತ್ರಿ ಕಪ್ಪಿನಲ್ಲಿ ತಿದ್ದುವುದು, ಆಮೇಲೆ ಉಳಿಯಲ್ಲಿ ಕೊರೆಯುವುದು ಅಲ್ಲಿಯ ಪದ್ಧತಿ. ಅಂಖು ಮಸಿಯ ಬಟ್ಟಲು ಹಿಡಿದು ಬಂದ, ದೀಪ ಎತ್ತಿ ನೋಡಿದ.

"ಇದೇನ್ಲಾ ಇದು?"

"ಕತ್ತಿ, ಮೇಸ್ತ್ರಿ."

"ಕತ್ತಿ ಅಂತ ನಂಗೂ ಕಾಣುತ್ತೆ ಕಣ್ಲಾ. ತಾಮ್ರದ ಕತ್ತಿ! ನಿಂಗೇನು ಬಡಗಿ ಕೊಯ್ದಿದ್ನಾ? ಹೋರಿ ಕೊಯ್ಯೋಕೇ ಕಲ್ಲಿನ ಅಲಗು ಬೇಕು. ಹೆತ್ತ ಮಗಂಗೆ ಯಾರಾದ್ರೂ ತಾಮ್ರ ಹಾಕಿಸ್ತಾರಾ?"

ಮೆಹು ಕುಂಚ ಕೆಳಗಿಟ್ಟ. "ನಾನು... ಕಣ್ಣು ಮುಚ್ಕೊಂಡಿದ್ದೆ, ಮೇಸ್ತ್ರಿ."

ಗೋಡೆ ಉಜ್ಜುತ್ತಿದ್ದವರೆಲ್ಲ ಗೊಳ್ಳೆಂದರು. ಅಂಖು ಮಾತ್ರ ನಗಲಿಲ್ಲ.

"ಕಣ್ಣು ಎಲ್ಲಾರೂ ಮುಚ್ಕೊಂಡೋರೇ. ಅದಕ್ಕೆ ಮುಂಚೆ ಅಲಗನ್ನ ಕೈಗೆ ಕೊಟ್ಟು ಮುಟ್ಟಿಸ್ತಾರಲ್ಲ, ಅದೂ ಮರ್ತೋಯ್ತಾ?" ಎಂದು ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕತ್ತಿಯ ಮೇಲೆ ಕಪ್ಪು ಗೆರೆ ಎಳೆದ. "ವೈದ್ಯರು ನೋಡೋಕೆ ಬತ್ತಾರೆ, ಐದು ದಿನ ಐತೆ. ಅಷ್ಟ್ರೊಳಗೆ ಸರಿ ಮಾಡಿ ಕೊರ್ದು ಮುಗ್ಸು. ತಿಳೀದಿದ್ರೆ ಕಾಲುವೆ ಮಗ್ಗುಲಾಗೆ ಖೆನು ತಾತ ಅವ್ನೆ, ಹೋಗಿ ಕೇಳು. ಈ ಪಟ್ಟಣದ ಅರ್ಧ ಗಂಡಸ್ರು ಅವನ ಕೈ ದಾಟಿ ಬಂದೋರೇ."

ಖೆನುವಿನ ಹತ್ತಿರ ಹೋಗುವುದೆಂದರೆ ಮೊಸಳೆಯ ಬಾಯಿಗೆ ತಲೆ ಕೊಟ್ಟಂತೆ ಎಂದು ಮೆಹು ಮೊದಲು ಜೊತೆಯವರ ಬಾಯಿ ಬಿಡಿಸಲು ನೋಡಿದ. ಈರುಳ್ಳಿ, ರೊಟ್ಟಿ, ಹುಳಿ ಹೆಂಡ ಮುಂದಿಟ್ಟುಕೊಂಡು ಕೂತಾಗ, ಏನೂ ಅರಿಯದವನಂತೆ ಮಾತು ತೆಗೆದ. ತೆಗೆದದ್ದೇ ತಡ, ಎಲ್ಲರಿಗೂ ಶೌರ್ಯ ಉಕ್ಕಿತು. ಒಬ್ಬ ತಾನು ಹುಬ್ಬು ಸಹ ಅಲುಗಿಸಲಿಲ್ಲ ಎಂದ. ಇನ್ನೊಬ್ಬ ಕೊಯ್ಯುವಾಗ ಹಾಡು ಹೇಳುತ್ತಿದ್ದನಂತೆ. ಮೂರನೆಯವನು ಮುಗಿದ ಕೂಡಲೇ ಎದ್ದು ಹೋಗಿ ಕತ್ತೆ ಹಿಡಿದು ತಂದನಂತೆ. ಒಬ್ಬನಾದರೂ ಅತ್ತೆ ಎನ್ನಲಿಲ್ಲ, ಒಬ್ಬನಾದರೂ ನೋವಾಯಿತು ಎನ್ನಲಿಲ್ಲ. ಆಗಿದ್ದವರೂ ನಿಜ ಹೇಳುವುದಿಲ್ಲ ಎಂದರೆ ತನ್ನ ಪಾಡೇನು ಎಂದು ಮೆಹು ರೊಟ್ಟಿ ಮುರಿಯುತ್ತ ಯೋಚಿಸಿದ. ಅವರ ಮೇಲೆ ಹೊಟ್ಟೆಕಿಚ್ಚೂ ಬಂತು, ಸುಳ್ಳು ಹೇಳಿಕೊಳ್ಳಲಾದರೂ ಅವರ ಬಾಳಿನಲ್ಲಿ ಅಂಥದೊಂದು ದಿನ ಬಂದಿತ್ತು.

ಮನೆಯಲ್ಲಿ ನೆಬೆತ್ ಹಿಟ್ಟು ನಾದುತ್ತಿದ್ದಳು. ಲೋಕದಲ್ಲಿ ಅವನ ಗುಟ್ಟು ಗೊತ್ತಿದ್ದವಳು ಹೆಂಡತಿಯೊಬ್ಬಳೇ. ಎಲ್ಲ ಕೇಳಿಸಿಕೊಂಡು ಮೊಣಕೈಗೆ ಅಂಟಿದ ಹಿಟ್ಟು ತೆಗೆಯುತ್ತ ಹೇಳಿದಳು:

"ಹನ್ನೆರಡು ವರ್ಷ ನಿನ್ ಜೊತೆ ಬಾಳಿದೀನಿ, ಎರಡು ಹೆತ್ತಿದೀನಿ. ಒಂದ್ ಚೂರು ತೊಗಲು ಜಾಸ್ತಿ ಐತೆ ಅಂತ ನಾನೇನಾದ್ರೂ ಜಗಳ ತೆಗ್ದೆನಾ?"

"ನಿಂಗೆ ತಮಾಷೆ."

"ತಮಾಷೆ ಅಲ್ಲ ಕಣಯ್ಯಾ, ಸಾಕಾಗೈತೆ. ನಿದ್ದೇಲೂ ಬಟ್ಟೆ ಬಿಗಿಯಾಗಿ ಹಿಡ್ಕೊಂಡೇ ಮಲಗ್ತೀಯ. ಯಾರ್ ಬತ್ತಾರೆ ಅಂತ? ಹೋಗು ಆ ಮುದುಕನತ್ರ. ಕಂಡುಹಿಡಿದ್ರೆ ಹಿಡೀಲಿ. ಹಿಂಗೆ ದಿನಾ ಸಾಯೋದಕ್ಕಿಂತ ವಾಸಿ."

ಮಾರನೆಯ ಬೆಳಿಗ್ಗೆ ಹೋದ. ಖೆನು ಬಾತುಗಳಿಗೆ ನುಚ್ಚು ಎರಚುತ್ತಿದ್ದ. ಕಾಯಿಸಿದ ತಾಮ್ರದ ತಟ್ಟೆಯ ಬಣ್ಣದ ಬೋಳು ತಲೆ, ಹಲ್ಲಿಲ್ಲದ ಬಾಯಿ. ಎರಡು ಕೈಗಳೂ ಒಂದೇ ಸಮನೆ ನಡುಗುತ್ತಿದ್ದವು. ಅವನು ಎರಚಬೇಕಾಗಿರಲಿಲ್ಲ, ನುಚ್ಚು ತಾನೇ ಉದುರುತ್ತಿತ್ತು. ವೈದ್ಯರ ಮನೆಯ ಚಿತ್ರ, ಮೇಸ್ತ್ರಿಯ ಅಪ್ಪಣೆ ಎಂದು ಸುತ್ತಿ ಬಳಸಿ ಹೇಳಿ, "ಅಲಗು ಹೆಂಗಿರುತ್ತೆ ಅಂತ ಒಂದ್ ಸಲ ನೋಡ್ಬೇಕಿತ್ತು ತಾತ," ಎಂದ ಮೆಹು.

ಮುದುಕ ಒಳಗಿನಿಂದ ನಾರುಬಟ್ಟೆಯ ಗಂಟು ತಂದು ಬಿಚ್ಚಿದ. ಬೆರಳುದ್ದದ ಚಕಮಕಿ ಕಲ್ಲು, ಜೇನಿನ ಬಣ್ಣ, ಅಂಚು ತೆಳ್ಳಗೆ ಬೆಳಕು ಹಾಯುವಂತಿತ್ತು. ಮೆಹು ಅದನ್ನು ಕೈಗೆ ತೆಗೆದುಕೊಂಡ.

"ಯಾವೂರಪ್ಪಾ ನಿಂದು?"

"ಜೌಗಿನ ಸೀಮೆ."

"ಅಲ್ಲೂ ಆಗ್ಲಿಲ್ಲ, ಇಲ್ಲೂ ಆಗ್ಲಿಲ್ಲ, ಅಲ್ವಾ?"

ಕಲ್ಲು ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಮುದುಕ ಬಾತನ್ನು ಉಶ್ ಎಂದು ಅಟ್ಟಿದ, ಏನೂ ಆಗದವನಂತೆ.

"ಹೆದರ್ಬೇಡ. ಆಗಿರೋನು ಅಲಗು ಹೆಂಗಿತ್ತು ಅಂತ ಕೇಳಾಕಿಲ್ಲ. ಆ ಮುದಿಯ ಇನ್ನೂ ಸತ್ತಿಲ್ವಾ ಅಂತ ಕೇಳ್ತಾನೆ."

ಮೆಹು ನಗಲು ಹೋದ, ಆಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಕಟ್ಟಿಟ್ಟದ್ದೆಲ್ಲ ಬಾಯಿಗೆ ಬಂತು, ದೋಣಿ ಹತ್ತಿದ ದಿನದಿಂದ ತಾಮ್ರದ ಕತ್ತಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಹೇಳಿ ಮುಗಿಸಿ ಕೇಳಿದ: "ತಾತ, ಯಾಕ್ ಮಾಡ್ತೀವಿ ಇದ್ನ? ಮೊದ್ಲು ಯಾರು ಶುರು ಮಾಡಿದ್ದು?"

"ಗುಡಿಯೋರನ್ನ ಕೇಳಿದ್ರೆ ಮೈ ಚೊಕ್ಕ ಇರ್ಲಿ ಅಂತಾರೆ. ಅವ್ರು ಹುಬ್ಬು ಸೈತ ಬೋಳಿಸ್ಕೊಳ್ಳೋ ಜನ, ಅವ್ರ ಮಾತು ಬಿಡು. ನನ್ ಗುರು ಅಂತಿದ್ದ, ಸೂರ್ಯದೇವನೇ ಮೊದ್ಲು ತನಗೆ ತಾನೇ ಕೊಯ್ಕೊಂಡ, ಬಿದ್ದ ಹನಿಯಿಂದ ಬುದ್ಧಿ ಹುಟ್ತು ಅಂತ. ತೆಂಕಣ ಸೀಮೆ ದನಗಾಹಿಗಳು ಹಾವು ಪೊರೆ ಬಿಟ್ಟಂಗೆ ಅಂತಾರೆ, ಪೊರೆ ಬಿಟ್ಟೋನಿಗೆ ಸಾವಿಲ್ವಂತೆ. ನಾನು ಐವತ್ತು ವರ್ಷ ಕೊಯ್ದೆ, ಪೊರೆ ಬಿಟ್ಟೋರೂ ಸತ್ರು." ಮುದುಕ ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿಯಲು ನೋಡಿದ, ಕೈ ಕೇಳಲಿಲ್ಲ. "ನಂಗೆ ತಿಳಿದಿರೋದು ಇಷ್ಟೇ ಕಣಪ್ಪಾ. ತಾಮ್ರ ಬಂದು ಎಷ್ಟು ತಲೆಮಾರಾಯ್ತು, ಈ ಕೆಲ್ಸ ತಾಮ್ರಾನ ಹತ್ರ ಸೇರಿಸ್ಲಿಲ್ಲ. ಅಂದ್ರೆ ಇದು ತಾಮ್ರಕ್ಕಿಂತ ಹಳೇದು. ದೊರೆಗಳಿಗಿಂತ ಹಳೇದು. ಬರವಣಿಗೆಗಿಂತಾನೂ ಹಳೇದು. ಯಾಕೆ ಅಂತ ಗೊತ್ತಿದ್ದೋರು ಮರಳಿನಡಿ ಮಲಗವ್ರೆ. ಕಾರಣ ಅವ್ರ ಜೊತೆ ಹೋಯ್ತು, ಕೆಲ್ಸ ನಮ್ ಕೈಗೆ ಬಂತು."

"ಹಂಗಾದ್ರೆ ಬಿಟ್ರೆ ಏನಾಗುತ್ತೆ?"

"ಏನೂ ಆಗಾಕಿಲ್ಲ. ನೀನೇ ಇದೀಯಲ್ಲ ಕಣ್ ಮುಂದೆ. ಏನಾಗೈತೆ ನಿಂಗೆ?"

ಮೆಹು ನೆಲದ ಮೇಲಿನ ನುಚ್ಚನ್ನು ಬೆರಳಲ್ಲಿ ಗುಡ್ಡೆ ಮಾಡಿದ. "ಎಲ್ಲಾರೂ ಒಳಗವ್ರೆ, ನಾನು ಬಾಗ್ಲತ್ರ ನಿಂತಿದೀನಿ ಅನ್ನಿಸ್ತದೆ," ಎಂದ.

"ಅದೇ ಕಣಪ್ಪಾ," ಎಂದು ಮುದುಕ ತಲೆಯಾಡಿಸಿದ. "ಅಷ್ಟೇ ಇರೋದು ಇದ್ರಲ್ಲಿ."

"ನಂಗೆ ಕೊಯ್ದುಬಿಡು ತಾತ. ಇವತ್ತೇ."

ಖೆನು ಎರಡೂ ಕೈಗಳನ್ನು ಅವನ ಮುಂದೆ ಚಾಚಿದ. "ಈ ಕೈಗೆ ಮೈ ಕೊಡ್ತೀಯಾ? ಹುಚ್ಚಪ್ಪಾ. ಎರಡು ವರ್ಷ ಆಯ್ತು ಬಿಟ್ಟು. ಶಿಷ್ಯ ಒಬ್ಬ ಅವ್ನೆ, ಕೈ ಚುರುಕು, ಬಾಯಿ ಇನ್ನೂ ಚುರುಕು. ಸಂಜೆ ಹೊತ್ತಿಗೆ ಊರೆಲ್ಲ ಡಂಗುರ." ಅವನು ಯೋಚಿಸುತ್ತ ಬಾತುಗಳನ್ನೇ ನೋಡುತ್ತಿದ್ದ. "ನನ್ ಕೈ ಹೋಗೈತೆ, ಮಂತ್ರ ಹೋಗಿಲ್ಲ. ನಿನ್ ಕೈ ಗಟ್ಟಿ ಐತೆ. ಗೋಡೇಲಿ ಆದದ್ದು ಆದಂಗೇ ಅಂತೀರಲ್ಲ ನೀವು ಉಳಿಯೋರು. ಹೆಸರು ಯಾರದೋ ಅವರಿಗೇ ಆದಂಗೆ. ನಿಜ ತಾನೇ?"

"ನಿಜ."

"ಹಂಗಾದ್ರೆ ಆ ಹುಡುಗನ ಪಕ್ಕ ನಿನ್ ಹೆಸರು ಬರಿ. ಗೋಡೇಲಿ ಕೊಯ್ಯೋಣ."

ಬೇರೆಯವರ ನಿತ್ಯದ ಮನೆಯಲ್ಲಿ ತನ್ನ ಹೆಸರು ಬರೆಯುವುದೆಂದರೆ ಸತ್ತವರ ತಟ್ಟೆಗೆ ಕೈ ಹಾಕಿದಂತೆ. ಕೊರೆಯದೆ ಬರಿಯ ಕೆಮ್ಮಣ್ಣಿನಲ್ಲಿ ಬರೆದರೆ ಮೇಲೆ ಬಣ್ಣ ಬಂದು ಮುಚ್ಚುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆದರೂ ಮೂರು ದಿನ ಮೆಹುವಿಗೆ ಅನ್ನ ಸೇರಲಿಲ್ಲ. ಚಿತ್ರವನ್ನು ಮಾತ್ರ ಮುದುಕ ಹೇಳಿದಂತೆಯೇ ತಿದ್ದಿ, ಹುಡುಗನ ಮೈ, ಕೂತವನ ಬೆನ್ನು, ಚಕಮಕಿಯ ಅಲಗು ಎಲ್ಲವನ್ನೂ ಕೊರೆದ. ಅಲಗು ಮುಟ್ಟುವ ಆ ಒಂದು ಗೆರೆಯನ್ನು ಬಿಟ್ಟ.

ಕೆಲಸಗಾರರಿಗೆ ಹತ್ತು ದಿನಕ್ಕೊಮ್ಮೆ ಬಿಡುವು. ಆ ಬಿಡುವಿನ ಬೆಳಿಗ್ಗೆ ನೆಬೆತ್ ತನ್ನ ತಮ್ಮನ ಕತ್ತೆಯ ಮೇಲೆ ಖೆನುವನ್ನು ಕೂರಿಸಿ ಕಳಿಸಿದಳು. ಮೆಹು ಅವನ ತೋಳು ಹಿಡಿದು ಒಳಗೆ ತಂದು, ದೀಪ ಹಚ್ಚಿ, ಚಿತ್ರದ ಮುಂದೆ ಚಾಪೆ ಹಾಕಿ ಕೂರಿಸಿದ. ಹುಡುಗನ ತಲೆಯ ಬಳಿ ಕೆಮ್ಮಣ್ಣಿನಲ್ಲಿ ತನ್ನ ಹೆಸರು ಬರೆದ. ಉಳಿಯನ್ನೂ ಕೊಡತಿಯನ್ನೂ ಎತ್ತಿಕೊಳ್ಳಲು ಹೋದಾಗ ಮುದುಕ ತಡೆದ.

"ಮೊದ್ಲು ಇಲ್ಲಿ ನಿಂತ್ಕೋ. ನನ್ ತಲೆ ಮೇಲೆ ಕೈ ಇಡು."

"ಯಾಕ್ ತಾತ?"

"ಎಲ್ಲಾರೂ ಇಡ್ತಾರೆ. ನಿಂತಿರೋ ಹುಡುಗ ಬೀಳಬಾರ್ದಲ್ಲ, ಹಿಡ್ಕೊಳ್ಳೋಕೆ ಬೇರೇನೈತೆ ಅವನಿಗೆ? ಕೂತಿರೋನ ತಲೆ. ನನ್ ಕೂದ್ಲು ವಯಸ್ಸಿಗೆ ಉದುರ್ತು ಅಂದ್ಕೊಂಡಿದೀಯಾ? ನಿಮ್ಮಂಥೋರೇ ಕಿತ್ತದ್ದು. ದೊಡ್ಡ ದೊಡ್ಡ ಅಧಿಕಾರಿಗಳು ಅವ್ರೆ ಆ ಲೆಕ್ಕದಲ್ಲಿ."

ಮೆಹು ನಗುತ್ತಲೇ ಕೈ ಇಟ್ಟ. ಬೋಳು ತಲೆ ಬೆಚ್ಚಗಿತ್ತು. ಮುದುಕ ಚಕಮಕಿಯನ್ನು ಅವನ ಇನ್ನೊಂದು ಕೈಗೆ ಮುಟ್ಟಿಸಿ, ಸಣ್ಣ ದನಿಯಲ್ಲಿ ಶುರುಮಾಡಿದ: ಬಂದದ್ದು ಹೋಗಲಿ, ಇದ್ದದ್ದು ನಿಲ್ಲಲಿ, ಹೊರಗಿನವನು ಒಳಗೆ ಬರಲಿ. ಮೂರನೆಯ ಸಲ ಹೇಳುವಾಗ ಮೆಹುವಿನ ಕೈ ತಾನಾಗಿ ಆ ತಲೆಯನ್ನು ಒತ್ತಿ ಹಿಡಿಯಿತು, ಕಣ್ಣಲ್ಲಿ ನೀರು ಬಂತು. ಅಪ್ಪನನ್ನು ಕಳೆದುಕೊಂಡು ದೋಣಿಯಲ್ಲಿ ಕೂತಿದ್ದ ಹತ್ತು ವರ್ಷದ ಹುಡುಗ ಅಲ್ಲಿ ನಿಂತು ಅತ್ತ. ಮುದುಕ ತಲೆ ಅಲುಗಿಸಲಿಲ್ಲ.

"ಸಾಕು. ಈಗ ಕೊಯ್ಯಿ," ಎಂದ ಆಮೇಲೆ.

ಮೆಹು ಮೊದಲು ಚಿತ್ರದ ಹುಡುಗನ ತೋಳನ್ನು ಕೆಂಪಿನಲ್ಲಿ ಬೇರೆ ಎಳೆದ: ಪಕ್ಕಕ್ಕೆ ನೆಟ್ಟಗಿದ್ದ ಕೈಯನ್ನು ಕೂತವನ ತಲೆಯ ಮೇಲೆ ತಂದಿಟ್ಟ. ಹಳೆಯ ತೋಳನ್ನು ಗಚ್ಚು ತುಂಬಿ ಮುಚ್ಚಿ, ಹೊಸದನ್ನು ಕೊರೆದ. ಕೊನೆಗೆ ಉಳಿಯ ಮೊನೆಯನ್ನು ಆ ಒಂದು ಗೆರೆಯ ಮೇಲಿಟ್ಟ. ಉಸಿರು ಹಿಡಿದು ಕೊಡತಿಯಿಂದ ಒಂದೇ ಏಟು ಕೊಟ್ಟ. ಕಡಲೆಯಷ್ಟು ಸುಣ್ಣಕಲ್ಲು ಸಿಡಿದು ಚಾಪೆಯ ಮೇಲೆ ಬಿತ್ತು.

"ಯಾರ್ಲಾ ಅದು ಒಳಗೆ?"

ಬಾಗಿಲಲ್ಲಿ ಅಂಖು ನಿಂತಿದ್ದ. ನಾಳೆ ವೈದ್ಯರು ಬರುವವರು, ಚಿತ್ರ ಯಾವ ಗತಿಯಲ್ಲಿದೆ ಎಂದು ನೋಡಲು ಬಿಡುವಿನ ದಿನವೂ ನಡೆದು ಬಂದಿದ್ದ. ದೀಪ ನೋಡಿದ, ಖೆನುವನ್ನು ನೋಡಿದ, ಒದ್ದೆ ಮುಖದ ಮೆಹುವನ್ನು ನೋಡಿದ. ಆಮೇಲೆ ಗೋಡೆಯ ಹತ್ತಿರ ಹೋಗಿ ಹುಡುಗನ ತಲೆಯ ಬಳಿ ಇದ್ದ ಹೆಸರನ್ನು ಓದಿದ. ಅವನು ದಡ್ಡನಲ್ಲ. ಓದಿ ತಿರುಗುವಷ್ಟರಲ್ಲಿ ಅವನ ಮುಖ ಬೂದಿಯಾಗಿತ್ತು.

"ನಿಂಗೆ ಕೊಯ್ದಿಲ್ವಾ?"

ಸುಳ್ಳು ಹೇಳಬಹುದಿತ್ತು. ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಅದು, ನಾಲಿಗೆಯ ತುದಿಯಲ್ಲೇ ಇತ್ತು.

"ಇವತ್ತಿನವರೆಗೂ ಇರ್ಲಿಲ್ಲ, ಮೇಸ್ತ್ರಿ. ಈಗ ಕೊಯ್ದಾಗೈತೆ," ಎಂದು ಮೆಹು ಗೋಡೆ ತೋರಿಸಿದ.

"ಏಳು ಮನೆ ಕಣ್ಲಾ! ಏಳು ಮನೆ ಒಳಗೆ ಹೊಕ್ಕಿದೀಯ! ನನ್ ತಲೆ ಹೋಗುತ್ತೆ. ಗೋಡೇಲಿ ಕೊಯ್ಯೋದು ಕೊಯ್ದಂಗಾ? ಯಾರಿಗೆ ಹೇಳ್ತೀಯಾ ಈ ಕತೆ?"

ಮೆಹು ಕೊರೆದ ಹೋರಿಗಳ ಸಾಲಿನ ಕಡೆ ಕೈ ಚಾಚಿದ. "ಈ ಗೋಡೇಲಿ ಹನ್ನೆರಡು ಹೋರಿ ಕೊಯ್ದಿದೀನಿ ಮೇಸ್ತ್ರಿ, ನೀವೇ ತಿದ್ದಿದ್ರಿ. ಅದು ವೈದ್ಯರಿಗೆ ಮಾಂಸ ಆಗುತ್ತೆ ಅಂತ ನೀವೇ ಅವ್ರಿಗೆ ಹೇಳಿದ್ರಿ. ಆಗುತ್ತೆ ಅಂದ್ರೆ ಇದೂ ಆಗೈತೆ. ಇದು ಆಗಿಲ್ಲ ಅಂದ್ರೆ ಅದೂ ಆಗಾಕಿಲ್ಲ. ನಾಳೆ ಅವ್ರು ಬಂದಾಗ ನೀವೇ ಹೇಳಿ, ಇಲ್ಲಿರೋದೆಲ್ಲಾ ಬರೀ ಕಲ್ಲು, ನೀವು ಉಪವಾಸ ಇರ್ಬೇಕಾಗುತ್ತೆ ಅಂತ."

ನಲವತ್ತು ವರ್ಷ ಅಂಖು ಕೊರೆದ, ಕೊರೆಸಿದ ರೊಟ್ಟಿ, ಹೆಂಡ, ಬಾತು, ಹೋರಿಗಳೆಲ್ಲ ಆ ಒಂದು ಮಾತಿನ ಮೇಲೆ ನಿಂತಿದ್ದವು. ಅವನ ಅಪ್ಪನಿಗೂ ಅಮ್ಮನಿಗೂ ಕೊರೆದುಕೊಟ್ಟ ರೊಟ್ಟಿಗಳೂ ಅದರಲ್ಲಿದ್ದವು. ದೀಪ ಎತ್ತಿಕೊಂಡು ಚಿತ್ರದ ಮುಂದೆ ಕುಕ್ಕರಿಸಿದ. ಹುಡುಗನ ಕೈ ಕೂತವನ ತಲೆಯ ಮೇಲೆ ಇದ್ದದ್ದು ಆಗ ಅವನ ಕಣ್ಣಿಗೆ ಬಿತ್ತು. ಒಮ್ಮೆ ಖೆನುವಿನ ಬೋಳು ತಲೆಯ ಕಡೆ ನೋಡಿ, ನಾಚಿದವನಂತೆ ಕಣ್ಣು ತೆಗೆದ.

"ಬಣ್ಣದೋರಿಗೆ ಹೇಳ್ತೀನಿ, ಆ ಹೆಸರಿನ ಮೇಲೆ ದಪ್ಪಗೆ ಬಳೀಲಿ," ಎಂದ ಕೊನೆಗೆ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. ಎದ್ದು ಬಾಗಿಲವರೆಗೆ ಹೋಗಿ, ಅಲ್ಲಿಂದ ತಿರುಗಿ ಗದರಿದ. "ಇನ್ನೂ ಏನ್ ನಿಂತಿದೀಯಾ? ಕೊಯ್ಸಿಕೊಂಡೋನು ಏಳು ದಿನ ಮನೇಲಿ ಮಲಗ್ಬೇಕು ಅಂತ ಇಲ್ವಾ? ಗಾಯ ಮಾಯಬೇಡ್ವಾ? ಹೋಗು. ಏಳು ದಿನ ಈ ಕಡೆ ತಲೆ ಹಾಕ್ಬೇಡ."

ಮೆಹು ಮುದುಕನನ್ನು ಕತ್ತೆಯ ಮೇಲೆ ಕೂರಿಸಿ ಮನೆ ಮುಟ್ಟಿಸಿ, ತನ್ನ ಮನೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಎಷ್ಟು ನಿಧಾನವಾಗಿ ನಡೆದು ಬಂದನೆಂದರೆ ನೆಬೆತ್ ಗಾಬರಿಯಾಗಿ ಅಂಗಳಕ್ಕೆ ಓಡಿ ಬಂದಳು. ಅವನು ಆದದ್ದನ್ನೆಲ್ಲ ಹೇಳಿದ. ಅವಳು ಸೆರಗು ಬಾಯಿಗೊತ್ತಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ನೆರಳಿನಲ್ಲಿ ಚಾಪೆ ಹಾಸಿದಳು. ಒಳಗಿನಿಂದ ತಿಳಿ ಹೆಂಡ ತಂದುಕೊಟ್ಟು ತಲೆದೆಸೆಯಲ್ಲಿ ಕೂತಳು.

"ನೋಯ್ತಾ ಐತಾ?" ಎಂದು ಕೆಣಕುವಂತೆ ಕೇಳಿದಳು.

ಮೆಹು ಕಣ್ಣು ಮುಚ್ಚಿಕೊಂಡು ಹ್ಞೂಂ ಎಂದ. ಆ ಮಾತು ಸುಳ್ಳಾಗಿರಲಿಲ್ಲ.